ಚಿತ್ರದ ನಡುವಿನ ಮಸುಕು

ಜನವರಿ 9

ಚಿಮಟಾ,

ಜೊತೆಗಿರುವ ಕಪ್ಪು ಪೊಟ್ಟಣವನ್ನು ಬೆಳಕಿನಲ್ಲಿ ಬಿಚ್ಚಬೇಡ. ಒಳಗೆ ಫಿಲ್ಮ್ ರೀಲು ಇದೆ. ನೀನು ಕೆಲಸ ಮಾಡುವ ಲ್ಯಾಬಿನಲ್ಲಿ ಇನ್ನೂ ರೀಲು ತೊಳೆಯುತ್ತಾರೆಂದು ಅಮ್ಮ ಹೇಳಿದಳು. ಇಲ್ಲಿ ಆ ಕೆಲಸ ಮಾಡುತ್ತಿದ್ದ ಕೊನೆಯ ಸ್ಟುಡಿಯೋದವನು ಈಗ ಮೊಬೈಲ್ ಕವರ್ ಮಾರುತ್ತಾನೆ. ಹಾಗಾಗಿ ಬರೆಯುತ್ತಿದ್ದೇನೆ, ಬೇರೆ ವಿಶೇಷವೇನಿಲ್ಲ.

ಒಬ್ಬ ಗಿರಾಕಿ ಮನೆ ಖಾಲಿ ಮಾಡುವಾಗ ಕಪ್ಪುಬಿಳುಪಿನ ಮೂರು ರೀಲು ಕೊಟ್ಟುಹೋದರು. ಕ್ಯಾಮೆರಾ ಇಲ್ಲದೆ ರೀಲು ಇಟ್ಟುಕೊಂಡು ಏನು ಮಾಡುವುದು? ಒಂದು ಕ್ಯಾಮೆರಾ ಮಾಡಿದೆ. ವಾಚಿನ ಗಾಜುಗಳು ಬರುತ್ತಿದ್ದ ತಗಡಿನ ಡಬ್ಬಿ ನೆನಪಿದೆಯಲ್ಲ, ನೀನು ಬಳಪ ತುಂಬಿಡುತ್ತಿದ್ದದ್ದು, ಅದರ ಒಂದು ಬದಿಗೆ ಕಿಟಕಿ ಕೊರೆದೆ. ಕಿಟಕಿಗೆ ಕಾಗದಕ್ಕಿಂತ ತೆಳುವಾದ ಹಿತ್ತಾಳೆಯ ತುಂಡು ಕೂರಿಸಿ, ಅದರ ನಡುವೆ ಕಾಲು ಮಿಲಿಮೀಟರಿನ ತೂತು ಹಾಕಿದೆ. ಲೆನ್ಸ್ ಇಲ್ಲ. ಬೆಳಕು ಆ ತೂತಿನಿಂದಲೇ ಒಳಗೆ ಬಂದು, ಹಿಂದಿರುವ ಫಿಲ್ಮಿನ ಮೇಲೆ ಚಿತ್ರವನ್ನು ತಲೆಕೆಳಗಾಗಿ ಬರೆಯುತ್ತದೆ. ಒಳಗೆಲ್ಲ ಕಪ್ಪು ಬಳಿದು, ಮುಚ್ಚಳದ ಅಂಚಿಗೆ ಶೋಕೇಸಿನ ಮಖಮಲ್ ಅಂಟಿಸಿದ್ದೇನೆ. ತೂತಿನ ಮುಂದೆ ಜಾರುವ ಒಂದು ತಗಡು, ಅದೇ ಬಾಗಿಲು. ಫಿಲ್ಮಿನ ಅಂಚಿನಲ್ಲಿ ಸಾಲಾಗಿ ಚೌಕ ತೂತುಗಳಿರುತ್ತವಲ್ಲ, ಅವಕ್ಕೆ ತಾಗುವಂತೆ ಹಳೆಯ ವಾಚಿನ ಸ್ಪ್ರಿಂಗಿನ ಚೂರೊಂದನ್ನು ಇಟ್ಟೆ. ರೀಲು ತಿರುಗಿಸಿದರೆ ಟಿಕ್ ಎನ್ನುತ್ತದೆ. ಎಂಟು ಟಿಕ್ ಆದರೆ ಒಂದು ಚಿತ್ರದ ಜಾಗ ಮುಂದೆ ಹೋಯಿತೆಂದು ಅರ್ಥ. ಇದನ್ನು ಯಾರೂ ಹೇಳಿಕೊಟ್ಟದ್ದಲ್ಲ.

ಬಿಸಿಲಿನಲ್ಲಿ ಎರಡು ಸೆಕೆಂಡ್ ಸಾಕು. ಅಂಗಡಿಯೊಳಗೆ ಎಂಟು ನಿಮಿಷ ಬೇಕು. ಎಂಟು ನಿಮಿಷ ಅಳೆಯಲು ಇಲ್ಲಿ ಗಡಿಯಾರಗಳಿಗೇನೂ ಬರವಿಲ್ಲ, ಆದರೆ ಒಂದೊಂದೂ ಒಂದೊಂದು ಹೊತ್ತು ಹೇಳುತ್ತದೆ.

ತೊಳೆದು ಕಳಿಸು. ಪುರುಸೊತ್ತಾದಾಗ ಸಾಕು.

— ಅಪ್ಪ

ನಂದೂ ಎರಡು ಸಾಲು ಇರಲಿ. ಆ ಡಬ್ಬಿ ಮುಂದೆ ನನ್ನನ್ನ ಎಂಟು ನಿಮಿಷ ಕೂರಿಸಿದರು ಕಣೇ. ಪಕ್ಕದ ಮನೆಯವಳು ಬಂದು ಮಾತಾಡಿಸಿದ್ರೆ ಉತ್ತರ ಕೊಡದೆ ಇರಕ್ಕಾಗುತ್ತಾ? ಬೈಸಿಕೊಂಡೆ. — ಅಮ್ಮ


ಜನವರಿ 25

ಅಪ್ಪನಿಗೆ,

ರೀಲು ಸುರಕ್ಷಿತವಾಗಿ ತಲುಪಿತು. ತೊಳೆದಿದ್ದೇನೆ. ಹನ್ನೊಂದು ಚಿತ್ರಗಳು ಬಂದಿವೆ. ನೆಗೆಟಿವ್‌ಗಳನ್ನೂ ಪ್ರಿಂಟ್‌ಗಳನ್ನೂ ಇದರೊಂದಿಗೆ ಇಟ್ಟಿದ್ದೇನೆ. ಎಲ್ಲೂ ಬೆಳಕು ಸೋರಿಲ್ಲ. ಚಿತ್ರಗಳ ನಡುವಿನ ಅಂತರ ಅಳೆದಂತೆ ಒಂದೇ ಸಮ ಇದೆ.

ಅಂಗಡಿಯ ಚಿತ್ರದಲ್ಲಿ ನಿಮ್ಮ ಬೆಂಚು, ದೀಪ, ಗೋಡೆಯ ಗಡಿಯಾರಗಳು, ನಿಮ್ಮ ಭುಜ ಎಲ್ಲವೂ ಇವೆ. ಕೈಗಳಿಲ್ಲ. ಎಂಟು ನಿಮಿಷವೂ ಅವು ಕೆಲಸ ಮಾಡುತ್ತಿದ್ದುದರಿಂದ ಫಿಲ್ಮಿಗೆ ಸಿಕ್ಕಿಲ್ಲ. ಅಮ್ಮ ಕೊರಳಿನವರೆಗೆ ಸ್ಪಷ್ಟವಾಗಿದ್ದಾಳೆ. ತಲೆಯಿರಬೇಕಾದ ಕಡೆ ಹೊಗೆ.

ಲ್ಯಾಬಿನ ಒಡತಿಯನ್ನು ನಾವೆಲ್ಲ ಅಜ್ಜಿ ಎನ್ನುತ್ತೇವೆ. ನಲವತ್ತು ವರ್ಷದಿಂದ ಇದೇ ಕೆಲಸ ಮಾಡಿ ಬೆರಳ ತುದಿಗಳು ಕಂದುಬಣ್ಣಕ್ಕೆ ತಿರುಗಿವೆ. ಒದ್ದೆ ಫಿಲ್ಮನ್ನು ದೀಪಕ್ಕೆ ಹಿಡಿದು, "ಯಾರೇ ಇದನ್ನ ಮಾಡಿದ್ದು? ಕೈ ಅಂದ್ರೆ ಹೀಗಿರಬೇಕು" ಅಂದರು. ನಮ್ಮಪ್ಪ ಎಂದೆ. "ನಿಂಗೆ ಅಪ್ಪ ಇದ್ದಾರಾ!" ಅಂದರು. ಮೂರು ವರ್ಷದಲ್ಲಿ ಆ ಪದ ನನ್ನ ಬಾಯಿಂದ ಬಂದದ್ದು ಅದೇ ಮೊದಲಿರಬೇಕು.

— ಮಗಳು


ಫೆಬ್ರವರಿ 6

ಚಿಮಟಾ,

ಚಿತ್ರಗಳು ಬಂದವು. ಒಂದು ಮಾತು ಹೇಳಬೇಕು.

ಪ್ರತಿ ಚಿತ್ರದ ನಡುವೆ ಒಂದು ಮಸುಕು ಇದೆ. ಹೆಬ್ಬೆರಳಿನ ತುದಿ ಒತ್ತಿದ ಹಾಗೆ. ಅಂಚುಗಳೆಲ್ಲ ಚೆನ್ನಾಗಿವೆ. ಬೆಂಚಿನ ಚಿತ್ರದಲ್ಲಿ ದೀಪದ ಬುಡವೇ ಕಾಣುವುದಿಲ್ಲ. ಲೆನ್ಸ್ ಕಣ್ಣಿಗೆ ಸಿಕ್ಕಿಸಿಕೊಂಡು, ಇನ್ನೊಂದು ಕಣ್ಣು ಮುಚ್ಚಿ, ವಾಚು ನೋಡುವ ಹಾಗೆಯೇ ಒಂದೊಂದನ್ನೂ ನೋಡಿದ್ದೇನೆ. ಮೂವತ್ತೈದು ವರ್ಷ ಈ ಬಲಗಣ್ಣು ನನಗೆ ಸುಳ್ಳು ಹೇಳಿಲ್ಲ.

ಮೊದಲು ತೂತಿನ ತಪ್ಪು ಅಂದುಕೊಂಡೆ. ಹೊಸ ಹಿತ್ತಾಳೆ ತೆಗೆದು ಹೊಸ ತೂತು ಹಾಕಿ, ಅಂಚನ್ನು ಉಜ್ಜಿ ನಯಮಾಡಿದೆ. ಆ ತೂತಿನಲ್ಲಿ ತೆಗೆದ ಎರಡನೇ ರೀಲು ಕಳಿಸುತ್ತಿದ್ದೇನೆ. ತೊಳೆಯುವಾಗ ನಿನ್ನ ಬೆರಳು ತಾಗಿದೆಯೇನೋ, ಅದನ್ನೂ ನೋಡು. ಅವಸರದಲ್ಲಿ ಹಾಗಾಗುತ್ತದೆ.

— ಅಪ್ಪ

ನಾನೂ ನೋಡಿದೆ, ನಂಗೇನೂ ಕಾಣಲಿಲ್ಲ. ಆದ್ರೆ ಈ ಮನೇಲಿ ಲೆನ್ಸ್ ಹಾಕದ ಕಣ್ಣು ಕಣ್ಣೇ ಅಲ್ಲ. — ಅಮ್ಮ


ಫೆಬ್ರವರಿ 20

ಅಪ್ಪನಿಗೆ,

ಎರಡನೇ ರೀಲಿನಲ್ಲಿ ಹನ್ನೆರಡು ಚಿತ್ರಗಳಿವೆ. ಕೈಗವಸು ಹಾಕಿಕೊಂಡು, ಅಜ್ಜಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ತೊಳೆದೆ. ಮಸುಕಿಲ್ಲ. ಮೊದಲ ರೀಲಿನಲ್ಲೂ ಇರಲಿಲ್ಲ.

ಅವಸರ ಎಂಬ ಮಾತನ್ನು ನೀವು ಮೂರು ವರ್ಷದ ಹಿಂದೆಯೂ ಆಡಿದ್ದಿರಿ. ರೈಲು ಓಡಿಸಿ ನಿವೃತ್ತರಾದ ಆ ಹಿರಿಯರ ಕೈಗಡಿಯಾರ. ಅದರ ಕೂದಲೆಳೆಯಂಥ ಸ್ಪ್ರಿಂಗನ್ನು ಮೂರು ದಿನ ಕೂತು, ನೀವು ನನಗೆ ಅಡ್ಡಹೆಸರಾಗಿಟ್ಟ ಆ ಚಿಮಟ ಹಿಡಿದೇ, ಸುರುಳಿ ಸುರುಳಿಯಾಗಿ ಸಮಮಾಡಿ ಕೂರಿಸಿದ್ದೆ. ಅವರು ವಾಚನ್ನು ಕಿವಿಗೆ ಹಿಡಿದು, "ಕೆಲಸ ಅಂದ್ರೆ ಇದಪ್ಪ, ಮಗಳು ನಿಮ್ಮನ್ನ ಮೀರಿಸಿದಳು" ಅಂದರು. ನೀವು ವಾಚನ್ನು ಅವರ ಕೈಯಿಂದ ತೆಗೆದುಕೊಂಡು, ಲೆನ್ಸ್ ಹಾಕಿ ನೋಡಿ, "ಸುರುಳಿ ಸಮ ಇಲ್ಲ. ಅವಸರದ ಕೆಲಸ" ಅಂದು ಅವರೆದುರೇ ಬಿಚ್ಚಿದಿರಿ. ನಾನು ಏಪ್ರನ್ ಕಳಚಿ ಮೊಳೆಗೆ ನೇತುಹಾಕಿ ಹೊರಟೆ. ನೀವು ತಲೆಯೆತ್ತಲಿಲ್ಲ.

ಇಲ್ಲಿ ನನ್ನ ಕೆಲಸವನ್ನು ಯಾರೂ ಬಿಚ್ಚುವುದಿಲ್ಲ. ಇನ್ನು ಮುಂದೆ ರೀಲು ಕಳಿಸುವುದಾದರೆ ಲ್ಯಾಬಿನ ಹೆಸರಿಗೆ ಕಳಿಸಿ. ಬೇರೆಯವರು ತೊಳೆಯುತ್ತಾರೆ.

— ಮಗಳು


ಮಾರ್ಚ್ 3

ಚಿಮಟಾ,

ಎರಡನೇ ರೀಲಿನಲ್ಲೂ ಇದೆ. ಅದೇ ಜಾಗ, ಅದೇ ಗಾತ್ರ. ಮೂರನೇ ತೂತು ಹಾಕುತ್ತಿದ್ದೇನೆ.

ಸಿಟ್ಟು ಮಾಡಿಕೊಳ್ಳಬೇಡ. ಕಂಡದ್ದನ್ನು ಕಂಡ ಹಾಗೆ ಹೇಳುವುದು ನನ್ನ ಕಸುಬು.

— ಅಪ್ಪ

ಹೋದ ತಿಂಗಳು ರಿಪೇರಿ ಮಾಡಿ ಕೊಟ್ಟ ವಾಚುಗಳಲ್ಲಿ ಮೂರು ವಾಪಸ್ ಬಂದಿವೆ. ನಿಂಗೆ ಹೇಳಬೇಡ ಅಂದಿದ್ದಾರೆ. ಅದಕ್ಕೇ ಹೇಳ್ತಿದ್ದೀನಿ. — ಅಮ್ಮ


ಮಾರ್ಚ್ 14

ಅಪ್ಪನಿಗೆ,

ಇದರೊಂದಿಗೆ ನಾಲ್ಕು ನೆಗೆಟಿವ್‌ಗಳ ಒಂದು ಪಟ್ಟಿ ಇದೆ. ಇಟ್ಟಿಗೆ ಗೋಡೆಯ ಚಿತ್ರ. ಮಸುಕು ಇದೆಯೇ, ಇದ್ದರೆ ಎಲ್ಲಿ ಎಂದು ತಿಳಿಸಿ.

— ಮಗಳು


ಮಾರ್ಚ್ 21

ಚಿಮಟಾ,

ಇದೆ. ನಾಲ್ಕರಲ್ಲೂ ಇದೆ. ಸರಿಯಾಗಿ ನಡುವೆ, ನಾಲ್ಕೈದು ಇಟ್ಟಿಗೆಗಳು ಕರಗಿಹೋದ ಹಾಗೆ. ಸುತ್ತಲಿನ ಸಾಲುಗಳೂ ಕೊಂಚ ಬಾಗಿವೆ. ಇಟ್ಟಿಗೆ ಎಣಿಸಲು ನೋಡಿದೆ, ಎಣಿಕೆ ನಿಲ್ಲಲಿಲ್ಲ.

ಈಗಲಾದರೂ ಒಪ್ಪಿಕೋ. ತೂತು ಎರಡು ಸಲ ಬದಲಾಯಿಸಿದ್ದೇನೆ. ಬದಲಾಗದೆ ಉಳಿದದ್ದು ನಿಮ್ಮ ಲ್ಯಾಬು ಮಾತ್ರ. ಅಲ್ಲಿನ ನೀರಿನಲ್ಲೇ ಏನೋ ಇದೆ ಎಂದು ನಿನ್ನ ಅಜ್ಜಿಗೆ ಹೇಳು.

— ಅಪ್ಪ


ಮಾರ್ಚ್ 24

ಅಪ್ಪಾ,

ಬೆಳಿಗ್ಗೆಯಿಂದ ಎರಡು ಸಲ ಫೋನ್ ಮಾಡಿದೆ. ನೀವು ಎತ್ತಿಕೊಂಡು ಅಮ್ಮನ ಕೈಗೆ ಕೊಟ್ಟಿರಿ. ಆದ್ದರಿಂದ ಬರೆಯುತ್ತಿದ್ದೇನೆ. ಇದನ್ನು ಪೂರ್ತಿ ಓದಿ.

ಆ ಗೋಡೆಯ ಚಿತ್ರ ತೂತಿನ ಡಬ್ಬಿಯಲ್ಲಿ ತೆಗೆದದ್ದಲ್ಲ. ಲ್ಯಾಬಿನಲ್ಲಿರುವ ಎಲ್ಲಕ್ಕಿಂತ ಒಳ್ಳೆಯ ಕ್ಯಾಮೆರಾದಲ್ಲಿ ಅಜ್ಜಿ ತೆಗೆದು, ಅಜ್ಜಿಯೇ ತೊಳೆದದ್ದು. ನಾನು ಮುಟ್ಟಿಯೂ ಇಲ್ಲ. ನಿಮ್ಮನ್ನು ಸೋಲಿಸಬೇಕೆಂದೇ ಕಳಿಸಿದ್ದೆ. ನೀವು ಮಸುಕಿದೆ ಎಂದು ಬರೆದಾಗ ಸಿಕ್ಕಿಬಿದ್ದಿರಿ ಅಂದುಕೊಂಡು, ನಗುತ್ತಾ ನಿಮ್ಮ ಪತ್ರವನ್ನು ಅಜ್ಜಿಗೆ ಓದಿ ಹೇಳಿದೆ. ಅವರು ನಗಲಿಲ್ಲ. "ಸಾಲು ಬಾಗಿದೆ ಅಂತ ಬರೆದಿದ್ದಾರಾ? ಇನ್ನೊಂದ್ಸಲ ಓದು" ಅಂದರು. ಓದಿದೆ. "ನಿಮ್ಮಪ್ಪ ಯಾವ ಕಣ್ಣಲ್ಲಿ ನೋಡ್ತಾರೆ?" ಅಂದರು.

ಅವರ ಅಕ್ಕನಿಗೂ ಹೀಗೇ ಶುರುವಾಗಿತ್ತಂತೆ. ಎರಡೂ ಕಣ್ಣು ತೆರೆದಿದ್ದಾಗ ಒಳ್ಳೆಯ ಕಣ್ಣು ಕೆಟ್ಟ ಕಣ್ಣನ್ನು ಮುಚ್ಚಿಹಾಕುತ್ತದಂತೆ, ತಿಂಗಳುಗಟ್ಟಲೆ ಗೊತ್ತೇ ಆಗುವುದಿಲ್ಲವಂತೆ. ಆ ಅಕ್ಕ ತಡಮಾಡಿದರು, ಕಣ್ಣು ಹೋಯಿತು.

ಎಡಗಣ್ಣು ಮುಚ್ಚಿ ಗೋಡೆಯ ಗಡಿಯಾರದ ನಡುಭಾಗ ನೋಡಿ. ಆಮೇಲೆ ಬಲಗಣ್ಣು ಮುಚ್ಚಿ ನೋಡಿ. ಎರಡೂ ಒಂದೇ ತರಹ ಕಂಡರೆ ನನ್ನನ್ನು ಎಷ್ಟು ಬೇಕಾದರೂ ಬೈಯಿರಿ, ನಮ್ಮ ನೀರನ್ನೂ ಬೈಯಿರಿ. ಕಾಣದಿದ್ದರೆ ಆ ದಿನವೇ ಕಣ್ಣಿನ ಡಾಕ್ಟರ ಬಳಿ ಹೋಗಿ. ಅಮ್ಮನಿಗೂ ಹೇಳಿದ್ದೇನೆ.

ಮಸುಕು ನನ್ನ ಬೆರಳಿನದ್ದೇ ಆಗಿದ್ದರೆ ಚೆನ್ನಾಗಿತ್ತು.

— ಮಗಳು


ಏಪ್ರಿಲ್ 4

ಕಂದಾ,

ಅವರು ಬರೆಯಲ್ಲ ಅಂತ ಕೂತಿದ್ದಾರೆ, ಅದಕ್ಕೆ ನಾನೇ ಬರೀತಿದ್ದೀನಿ. ಫೋನಲ್ಲಿ ಎಲ್ಲ ಹೇಳಕ್ಕಾಗಲ್ಲ, ಅವರ ಕಿವಿ ಗೋಡೆ ದಾಟಿ ಬರುತ್ತೆ. ಕಿವಿಗೇನೂ ಆಗಿಲ್ಲ ನೋಡು.

ನಿನ್ನ ಪತ್ರ ಬಂದ ದಿನ ಅಂಗಡಿ ಬಾಗಿಲು ಎಳಕೊಂಡು ಒಬ್ಬರೇ ಕೂತಿದ್ದರು. ನಾನು ಚಹಾ ತಗೊಂಡು ಹೋದ್ರೆ ಒಂದು ಕಣ್ಣು ಮುಚ್ಚಿ ಗೋಡೆ ಗಡಿಯಾರ ನೋಡ್ತಿದ್ದರು. "ಮುಳ್ಳು ಎಲ್ಲಿದೆ ಹೇಳೇ" ಅಂದ್ರು. ಮೂರೂಕಾಲು ಅಂದೆ. "ಹೊತ್ತು ಕೇಳಿಲ್ಲ. ಎರಡು ಮುಳ್ಳು ಸೇರೋ ಜಾಗ ಇದೆಯಾ ಅಂತ ಕೇಳ್ದೆ." ಇದೆಯಲ್ಲಾ ಅಂದೆ. ಚಹಾ ಆರಿಹೋಯ್ತು, ಕುಡೀಲಿಲ್ಲ. ಆಮೇಲೆ ತಾವಾಗೇ ಎದ್ದು ಚಪ್ಪಲಿ ಹಾಕ್ಕೊಂಡು "ನಡಿ" ಅಂದ್ರು.

ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಎಡಗಣ್ಣು ಮುಚ್ಚಿಸಿ, ಬಲಗಣ್ಣಿನ ಮುಂದೆ ಕಪ್ಪು ಸೌಟಿನ ತರ ಏನೋ ಹಿಡಿದ್ರು, ಅದರ ತುಂಬ ಸಣ್ಣ ತೂತು. "ತೂತಿನ ಮೂಲಕ ನೋಡಿ, ಅಕ್ಷರ ಸ್ವಲ್ಪ ತಿಳಿಯಾಗಿ ಕಾಣುತ್ತಾ?" ಅಂದ್ರು. ಕನ್ನಡಕದ ದೋಷ ಆಗಿದ್ರೆ ತೂತಿನಲ್ಲಿ ನೋಡಿದಾಗ ತಿಳಿಯಾಗುತ್ತಂತೆ. ಇವರು ನೋಡಿ, "ತೂತು ದೊಡ್ಡದಾಯ್ತು, ಅಂಚೂ ನಯ ಇಲ್ಲ" ಅಂದ್ರು. ಆ ಹುಡುಗಿ ನಕ್ಕುಬಿಟ್ಟಳು. "ಅದಿರಲಿ, ಅಕ್ಷರ ಹೇಗಿದೆ ಸಾರ್?" ಅಂದಳು. ಇವರು ತೂತಿಂದ ತೂತಿಗೆ ಕಣ್ಣು ಸರಿಸಿ ನೋಡಿ, "ಹಾಗೇ ಇದೆಯಮ್ಮ" ಅಂದ್ರು. ಇವರು ಯಾರ ಮುಂದೇನೂ ಅಷ್ಟು ಮೆಲ್ಲಗೆ ಮಾತಾಡಿದ್ದು ನಾನು ಕೇಳಿಲ್ಲ.

ಕಣ್ಣಿನ ಹಿಂದೆ ಒಂದು ಪರದೆ ಇರುತ್ತಂತೆ, ನಿಮ್ಮ ಫಿಲ್ಮ್ ಇದ್ದ ಹಾಗೆ. ಅದರ ನಡುಭಾಗ ಕೆಟ್ಟಿದೆ. ಅಂದೇ ಒಂದು ಇಂಜೆಕ್ಷನ್ ಕೊಟ್ಟರು, ಇನ್ನು ತಿಂಗಳಿಗೊಂದು. ಹೋದದ್ದು ಪೂರ್ತಿ ಬರುತ್ತೆ ಅಂತ ಹೇಳಕ್ಕಾಗಲ್ಲ, ಇರೋದು ಉಳಿಯುತ್ತೆ ಅಂದ್ರು. ಇನ್ನೆರಡು ತಿಂಗಳು ಬಿಟ್ಟಿದ್ರೆ ಅದೂ ಇಲ್ವಂತೆ. ಎಡಗಣ್ಣು ಚೆನ್ನಾಗಿದೆ.

ಇನ್ನೊಂದು ವಿಷಯ. ಆ ರೀಲುಗಳನ್ನ ಯಾವ ಗಿರಾಕೀನೂ ಕೊಟ್ಟಿದ್ದಲ್ಲ. ನೀನು ರೀಲು ತೊಳೆಯೋ ಕೆಲಸ ಮಾಡ್ತೀಯ ಅಂತ ನಾನು ಹೇಳಿದ ಮಾರನೇ ದಿನವೇ ಬಸ್ ಹತ್ತಿ ಹೋಗಿ, ಎಲ್ಲೆಲ್ಲೋ ಹುಡುಕಿ ಕೊಂಡುಕೊಂಡು ಬಂದರು. ಬರೆಯೋಕೆ ಅವರಿಗೊಂದು ಕಾರಣ ಬೇಕಿತ್ತಲ್ಲ.

— ಅಮ್ಮ


ಏಪ್ರಿಲ್ 12

ಅಪ್ಪಾ,

ಇಂಜೆಕ್ಷನ್ ತಾರೀಖು ತಪ್ಪಿಸಬೇಡಿ. ಅಮ್ಮನ ಪತ್ರ ಬಂದಾಗಿನಿಂದ ಒಂದು ಯೋಚನೆ. ಇಂಥದ್ದು ನಿಧಾನವಾಗಿ ಬರುತ್ತದೆ ಎನ್ನುತ್ತಾರೆ. ಮೂರು ವರ್ಷದ ಹಿಂದೆ, ಆ ಸ್ಪ್ರಿಂಗ್ ನೋಡಿದ ದಿನವೂ ಕಣ್ಣೇ ಹಾಗೆ ತೋರಿಸಿರಬಹುದು. ಸಮವಾಗಿದ್ದದ್ದು ನಿಮಗೆ ಬಾಗಿದಂತೆ ಕಂಡಿರಬಹುದು. ಹಾಗಿದ್ದರೆ ನೀವು ಕಂಡದ್ದನ್ನೇ ಹೇಳಿದಿರಿ, ನಾನು ಸುಮ್ಮನೆ ಮನಸ್ಸಿಗೆ ಹಚ್ಚಿಕೊಂಡೆ. ಹಾಗೆಂದುಕೊಂಡು ಅದನ್ನು ಇಲ್ಲಿಗೆ ಬಿಡೋಣ.

— ಮಗಳು


ಏಪ್ರಿಲ್ 22

ಚಿಮಟಾ,

ಎಡಗಣ್ಣನ್ನು ನಂಬಿ ಬರೆಯುತ್ತಿದ್ದೇನೆ. ಸಾಲು ಓರೆಯಾಗಿದ್ದರೆ ಸಹಿಸಿಕೋ. ಲೆನ್ಸನ್ನು ಎಡಗಣ್ಣಿಗೆ ಸಿಕ್ಕಿಸುವುದನ್ನು ಕಲಿಯುತ್ತಿದ್ದೇನೆ. ಜಾರಿ ಬೀಳುತ್ತದೆ. ಈ ವಯಸ್ಸಿನಲ್ಲಿ ಹುಬ್ಬಿಗೆ ಕೆಲಸ ಕಲಿಸುವುದು ಸುಲಭವಲ್ಲ.

ಮೊದಲು ಚಿತ್ರಗಳ ವಿಷಯ. ಇಪ್ಪತ್ತಮೂರನ್ನೂ ಎಡಗಣ್ಣಿನಲ್ಲಿ ನೋಡಿದೆ. ಒಂದರಲ್ಲೂ ಮಸುಕಿಲ್ಲ. ಚೊಕ್ಕ ಕೆಲಸ. ದೀಪದ ಬುಡದ ಸ್ಕ್ರೂ ಕೂಡ ಕಾಣುತ್ತದೆ.

ಮಸುಕು ನನಗೆ ಹೊಸದಾಗಿರಲಿಲ್ಲ. ಒಂದು ವರ್ಷದಿಂದ ವಾಚಿನೊಳಗೂ ಕಾಣುತ್ತಿತ್ತು. ಲೆನ್ಸ್ ಹಳತಾಯಿತೆಂದು ಬೇರೆ ಕೊಂಡೆ. ಅದರಲ್ಲೂ ಇತ್ತು. ಇನ್ನೊಂದು ಕೊಂಡೆ. ತಲೆಯನ್ನು ಕೊಂಚ ಓರೆ ಮಾಡಿ, ಮಸುಕಿನ ಅಂಚಿನಿಂದ ನೋಡಿ ಕೆಲಸ ಮಾಡುವುದನ್ನು ರೂಢಿಸಿಕೊಂಡೆ. ಆಮೇಲೆ ನಿನ್ನ ಚಿತ್ರಗಳು ಬಂದವು. ಅವುಗಳಲ್ಲೂ ಕಂಡಾಗ ತೂತಿನ ತಪ್ಪಾಗಿರಲಿ ಅಂದುಕೊಂಡೆ. ಅದಲ್ಲ ಎಂದಾದಾಗ ನಿನ್ನ ಕೈಯ ತಪ್ಪಾಗಿರಲಿ ಅಂದುಕೊಂಡೆ. ತಪ್ಪು ನಿನ್ನದಾಗಿದ್ದರೆ ನನ್ನ ಕಣ್ಣು ಉಳಿಯುತ್ತಿತ್ತು. ಮಗಳ ತಪ್ಪಿಗಾಗಿ ಹಾರೈಸಿದ ಅಪ್ಪ ನಾನು.

ಇನ್ನು ನೀನು ಕೊಟ್ಟ ನೆಪ. ಒಳ್ಳೆಯ ಮನಸ್ಸಿನಿಂದ ಕೊಟ್ಟಿದ್ದೀಯ. ತೆಗೆದುಕೊಳ್ಳಲಾರೆ. ಅಂದು ನನ್ನ ಕಣ್ಣು ಚೆನ್ನಾಗಿತ್ತು. ಆ ಸ್ಪ್ರಿಂಗಿನ ಒಂದೊಂದು ಸುತ್ತೂ ಕಂಡಿತು. ಸಮವಾಗಿತ್ತು. ನಾನು ಮಾಡಿದ್ದರೆ ಅಷ್ಟು ಸಮ ಬರುತ್ತಿರಲಿಲ್ಲ. ಅದು ಗೊತ್ತಾದದ್ದಕ್ಕೇ ಬಿಚ್ಚಿದೆ. ಆ ಹಿರಿಯರು ನನ್ನ ಅಂಗಡಿಯಲ್ಲಿ, ನನ್ನ ಮುಂದೆ, ನೀನು ನನ್ನನ್ನು ಮೀರಿಸಿದೆ ಅಂದರು. ನಿಜ ಹೇಳಿದರು. ನನಗೆ ಸಹಿಸಲಾಗಲಿಲ್ಲ.

ಬಿಚ್ಚಿದ್ದನ್ನು ಮತ್ತೆ ಕೂರಿಸಲು ಎರಡು ದಿನ ಹಿಡಿಯಿತು. ನಿನ್ನಂತೆ ಬರಲಿಲ್ಲ. ಆ ವಾಚು ಈಗಲೂ ದಿನಕ್ಕೆ ಒಂದು ನಿಮಿಷ ಹಿಂದೆ ಬೀಳುತ್ತದೆ. ಅವರು ಏನೂ ಅನ್ನುವುದಿಲ್ಲ. ಈ ಕಡೆ ಬಂದಾಗ ಗೋಡೆಯ ಗಡಿಯಾರ ನೋಡಿ, ನನಗೆ ಬೆನ್ನು ಮಾಡಿ ತಿದ್ದಿಕೊಳ್ಳುತ್ತಾರೆ. ಆಮೇಲೆ ನೀನು ಹೇಗಿದ್ದೀಯ ಎಂದು ಕೇಳುತ್ತಾರೆ.

ಏಪ್ರನ್ ಅದೇ ಮೊಳೆಯಲ್ಲಿದೆ. ಬಾ ಎಂದು ಬರೆಯುತ್ತಿಲ್ಲ. ಇದೆ ಎಂದಷ್ಟೇ.

— ಅಪ್ಪ


ಮೇ 13

ಅಪ್ಪಾ,

ಇಷ್ಟು ದಿನ ಉತ್ತರ ಬರೆಯಲಿಲ್ಲ. ಕೊಟ್ಟ ನೆಪವನ್ನು ನೀವು ತೆಗೆದುಕೊಂಡಿದ್ದರೆ ಇಬ್ಬರಿಗೂ ಸುಲಭವಾಗುತ್ತಿತ್ತು. ಮೊದಲ ವಾರ ಬರೀ ಸಿಟ್ಟು. ಪತ್ರವನ್ನು ಹರಿಯಬೇಕೆಂದು ಎರಡು ಸಲ ಕೈಗೆತ್ತಿಕೊಂಡೆ. ಒಂದು ದಿನ ಅಜ್ಜಿ, "ಮುಖ ಯಾಕೆ ಹಾಗೆ ಮಾಡ್ಕೊಂಡಿದ್ದೀಯ, ಅಪ್ಪನ ಕಣ್ಣು ಹೋಯ್ತಾ?" ಎಂದು ಕೇಳಿದರು. "ಇಲ್ಲ, ಬಂತು" ಎಂದೆ. ಹಾಗೆ ಏಕೆ ಹೇಳಿದೆನೋ ತಿಳಿಯದು.

ದಿನಕ್ಕೆ ಒಂದು ನಿಮಿಷವೆಂದರೆ ಮೂರು ವರ್ಷಕ್ಕೆ ಹದಿನೆಂಟು ಗಂಟೆಯಾಗುತ್ತದೆ. ಅಷ್ಟು ಹೊತ್ತು ಆ ಮನುಷ್ಯ ನಮ್ಮಿಬ್ಬರ ಜಗಳವನ್ನು ಕೈಗೆ ಕಟ್ಟಿಕೊಂಡು ಓಡಾಡಿದ್ದಾರೆ. ಶನಿವಾರ ವಾಚನ್ನು ಅಂಗಡಿಯಲ್ಲಿ ಬಿಟ್ಟುಹೋಗಲು ಅವರಿಗೆ ಹೇಳಿ. ಕ್ಷಮಿಸಿದ್ದೇನೆ ಎಂದು ಬರೆಯಲಾರೆ, ನನಗಿನ್ನೂ ಗೊತ್ತಿಲ್ಲ. ಆದರೆ ಆ ಸ್ಪ್ರಿಂಗು ಹಾಗಿರುವುದನ್ನು ತಿಳಿದೂ ಸುಮ್ಮನಿರಲು ನನ್ನಿಂದ ಆಗುವುದಿಲ್ಲ. ಅದು ನೀವೇ ಕಲಿಸಿದ್ದು.

ಮೂರನೇ ರೀಲಿನಲ್ಲಿ ಒಂದು ಚಿತ್ರದ ಜಾಗ ಉಳಿದಿದೆಯೆಂದು ಅಮ್ಮ ಹೇಳಿದಳು. ಅದನ್ನು ಹಾಗೇ ಇಡಿ. ಭಾನುವಾರ ಬೆಳಿಗ್ಗೆ ಅಂಗಡಿಯೊಳಗೆ ಬೆಳಕು ಚೆನ್ನಾಗಿರುವಾಗ ಡಬ್ಬಿಯನ್ನು ಬಾಗಿಲ ಬಳಿ, ಬೆಂಚಿಗೆ ಎದುರಾಗಿ ಇಡೋಣ. ನಿಮ್ಮ ಕುರ್ಚಿ, ಪಕ್ಕದಲ್ಲಿ ನನ್ನ ಹಳೆಯ ಸ್ಟೂಲು. ತಗಡನ್ನು ಅಮ್ಮ ಜಾರಿಸಲಿ, ಹೊತ್ತೂ ಅವಳೇ ನೋಡಲಿ. ನೀವು ಕೈಗಳನ್ನು ಬೆಂಚಿನ ಮೇಲೆ ಸುಮ್ಮನೆ ಇಟ್ಟುಕೊಂಡಿರಿ. ಈ ಸಲವಾದರೂ ಅವು ಚಿತ್ರದಲ್ಲಿರಲಿ.

ಎಂಟು ನಿಮಿಷ ಅಲುಗಾಡಬಾರದು. ಮಾತಾಡಬೇಕೆನಿಸಿದರೆ ಮಾತಾಡಿ. ತುಟಿ ಮಸುಕಾಗಿ ಬರುತ್ತದೆ, ಅಷ್ಟೇ.

— ಚಿಮಟ